ಡ್ರೋನ್ ಹಿಂಡಿನ ಕಲೆ: ಮೂರು ದಾರಿಗಳಲ್ಲಿ ನಿಮಗೆ ಸರಿ ಹೊಂದುವುದು ಯಾವುದು?

ಮೈಸೂರು ದಸರಾಕ್ಕೆ 2024ರಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನದ ಮೇಲೆ 1500 ಡ್ರೋನ್‌ಗಳು ಹಾರಿದವು. ಮರುವರ್ಷ ಆ ಸಂಖ್ಯೆ ಸುಮಾರು 3000 ಮುಟ್ಟಿತು. ಅದನ್ನು ನೋಡಿದವರಲ್ಲಿ ಎಷ್ಟೋ ಮಂದಿಗೆ ನಮ್ಮೂರ ಜಾತ್ರೆಗೂ, ಕಾಲೇಜಿನ ಉತ್ಸವಕ್ಕೂ, ನಮ್ಮ ನೃತ್ಯ ತಂಡಕ್ಕೂ ಇಂಥದ್ದೊಂದು ಬೇಕು ಅನ್ನಿಸಿರುತ್ತದೆ. ಸಹಜವೇ. ಆದರೆ ವಿಚಾರಿಸಲು ಹೊರಟಾಗ ಬಾಯಿಗೆ ಮೊದಲು ಬರುವ ಪ್ರಶ್ನೆ "ಎಷ್ಟು ಡ್ರೋನ್?" ಅಂತ. ಅದನ್ನು ಕೊನೆಗೆ ಕೇಳಿ ಅನ್ನುವುದು ನನ್ನ ಸಲಹೆ.

ಮೊದಲು ಕೇಳಬೇಕಾದ್ದು ಬೇರೆ ಇದೆ. ಆಕಾಶದಲ್ಲಿ ಮುಂದಿನ ಕ್ಷಣ ಏನಾಗಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ವಾರಗಳ ಮೊದಲೇ ಕಂಪ್ಯೂಟರ್ ಮುಂದೆ ಕೂತು ಚಿತ್ರ ಬಿಡಿಸಿದವರಾ? ನೀವು ಕೊಟ್ಟ ನಿಯಮ ಹಿಡಿದು ಹಾರುತ್ತಿರುವ ಡ್ರೋನ್‌ಗಳೇನಾ? ಅಥವಾ ಕೆಳಗೆ ನಿಂತ ನರ್ತಕಿಯೋ, ಪ್ರೇಕ್ಷಕರೋ? ಈ ಮೂರಕ್ಕೂ ಯಂತ್ರ ಬೇರೆ, ಜಾಗ ಬೇರೆ, ಖರ್ಚು ಬೇರೆ, ಅಪಾಯ ಬೇರೆ. ಇದನ್ನು ಇತ್ಯರ್ಥ ಮಾಡಿಕೊಳ್ಳದೆ ಕೊಟೇಶನ್ ತರಿಸಿದರೆ, ಎಲ್ಲ ಕಂಪನಿಗಳೂ ಮೊದಲನೆಯ ಬಗೆಯನ್ನೇ ತಂದು ಮುಂದಿಡುತ್ತವೆ. ಯಾಕೆಂದರೆ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವುದು ಅದೊಂದೇ.

ಮೊದಲೇ ಬರೆದಿಟ್ಟ ಆಕಾಶ

ನಾವು ಡ್ರೋನ್ ಶೋ ಅಂತ ಕರೆಯುವುದು ಇದನ್ನು. 2012ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿ ಆರ್ಸ್ ಎಲೆಕ್ಟ್ರಾನಿಕಾ ಫ್ಯೂಚರ್‌ಲ್ಯಾಬ್‌ನವರು 49 ಡ್ರೋನ್‌ಗಳನ್ನು ಡಾನ್ಯೂಬ್ ನದಿ ದಂಡೆಯಲ್ಲಿ ಹಾರಿಸಿದರು. ಪ್ರತಿ ಡ್ರೋನೂ ಆಕಾಶದಲ್ಲಿ ಒಂದು ಪಿಕ್ಸೆಲ್ ಅನ್ನುವ ಯೋಚನೆ ಅವರದು. ಮೂರು ವರ್ಷದಲ್ಲಿ ಅದೇ ತಂಡ ಇಂಟೆಲ್ ಜೊತೆ ಸೇರಿ 100 ಡ್ರೋನ್ ಹಾರಿಸಿತು. ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ 1824 ಡ್ರೋನ್‌ಗಳು ಭೂಮಿಯ ಗೋಳವಾದವು. 2022ರ ಬೀಟಿಂಗ್ ರಿಟ್ರೀಟ್‌ನಲ್ಲಿ ದೆಹಲಿಯ ಆಕಾಶಕ್ಕೆ 1000 ಡ್ರೋನ್ ಏರಿಸಿದ್ದು ಐಐಟಿ ದೆಹಲಿಯಲ್ಲಿ ಹುಟ್ಟಿದ ಬಾಟ್‌ಲ್ಯಾಬ್ ಡೈನಮಿಕ್ಸ್. ಅಲ್ಲಿಂದ ನಮ್ಮ ದೇಶದಲ್ಲೂ ಇದು ಮಾಮೂಲಿಯಾಗುತ್ತಾ ಬಂತು.

ನೋಡುವವರಿಗೆ ಡ್ರೋನ್‌ಗಳು ಒಂದಕ್ಕೊಂದು ಮಾತಾಡಿಕೊಂಡು ಹಾರುತ್ತಿವೆ ಅನ್ನಿಸುತ್ತದೆ. ಹಾಗಿಲ್ಲ. ಪ್ರತಿ ಡ್ರೋನಿಗೂ ಅದರದೇ ದಾರಿ, ಅದರದೇ ಬಣ್ಣದ ಪಟ್ಟಿ ಮೊದಲೇ ತುಂಬಿಟ್ಟಿರುತ್ತಾರೆ. ಇಷ್ಟನೇ ಸೆಕೆಂಡಿಗೆ ಇಲ್ಲಿರು, ಈ ಬಣ್ಣ ಹಚ್ಚು, ಅಷ್ಟೇ. ಎಲ್ಲವೂ ಒಂದೇ ಗಡಿಯಾರ ನೋಡಿಕೊಂಡು ಹೊರಡುತ್ತವೆ. ಮಾಮೂಲಿ ಜಿಪಿಎಸ್ ಮೀಟರ್‌ಗಟ್ಟಲೆ ತಪ್ಪಬಹುದು. ಅದಕ್ಕೇ ನೆಲದ ಮೇಲೆ ಆರ್‌ಟಿಕೆ ಸ್ಟೇಷನ್ ಒಂದನ್ನು ಇಟ್ಟು, ಆ ತಪ್ಪನ್ನು ಸೆಂಟಿಮೀಟರ್ ಲೆಕ್ಕಕ್ಕೆ ಇಳಿಸುತ್ತಾರೆ. ಶೋ ನಡೆಯುವಾಗ ಗ್ರೌಂಡ್ ಸ್ಟೇಷನ್‌ನಲ್ಲಿ ಕೂತವರ ಕೆಲಸ ಬಹುಪಾಲು ಕಾಯುವುದು. ಬ್ಯಾಟರಿ ಎಷ್ಟಿದೆ, ಯಾವುದು ದಾರಿ ತಪ್ಪಿದೆ, ಯಾವುದನ್ನು ವಾಪಸ್ ಕರೆಸಬೇಕು ಅಂತ ಕಣ್ಣಿಡುವುದು.

ಈ ಬಗೆಯ ದೊಡ್ಡ ಶಕ್ತಿ ಸ್ಪಷ್ಟತೆ. ಆನೆ ಅಂದರೆ ಆನೆ, ಅಂಬಾರಿ ಅಂದರೆ ಅಂಬಾರಿ. ಸಾವಿರಾರು ಜನ ಒಟ್ಟಿಗೆ ತಲೆ ಎತ್ತಿ ಒಂದೇ ಚಿತ್ರ ನೋಡುತ್ತಾರೆ. ಕಥೆ ಹೇಳಬೇಕಾದರೆ, ಹೆಸರು ಬರೆಯಬೇಕಾದರೆ ಇದೇ ಸರಿ. ದೌರ್ಬಲ್ಯವೂ ಅಲ್ಲೇ ಇದೆ. ಚಪ್ಪಟೆ ಚಿತ್ರ ಒಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಮುಂದೆ ಕೂತವರಿಗೆ ಹುಲಿ ಕಂಡರೆ, ಪಕ್ಕದ ರಸ್ತೆಯಲ್ಲಿ ನಿಂತವರಿಗೆ ಒಂದು ಬೆಳಕಿನ ಗೆರೆ ಕಾಣುತ್ತದೆ. ಜಾತ್ರೆಯಲ್ಲಿ ಜನ ನಾಲ್ಕೂ ಕಡೆ ನಿಲ್ಲುವುದಾದರೆ ಚಪ್ಪಟೆ ಚಿತ್ರ ಬೇಡ. ಗೋಳ, ಕಳಶ, ಗೋಪುರ, ತಿರುಗುವ ರಥ, ಹೀಗೆ ಎಲ್ಲ ಕಡೆಯಿಂದಲೂ ಆಕಾರ ಇರುವ ವಸ್ತುಗಳನ್ನೇ ಕೇಳಿ.

ಕನ್ನಡದಲ್ಲಿ ಬರೆಸುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಅಕ್ಷರಗಳು ದುಂಡಗಿವೆ. ನೇರ ಗೆರೆಗೆ ಅಲ್ಲೊಂದು ಇಲ್ಲೊಂದು ಚುಕ್ಕಿ ಸಾಕು, ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಬಾಗಿದ ಗೆರೆಗೆ ಚುಕ್ಕಿಗಳು ಹತ್ತಿರ ಹತ್ತಿರ ಬೇಕು. ಡ್ರೋನ್‌ಗಳನ್ನೋ ತೀರಾ ಹತ್ತಿರ ತರುವ ಹಾಗಿಲ್ಲ, ನಡುವೆ ಎರಡು ಮೀಟರ್ ಆಸುಪಾಸಿನ ಜಾಗ ಬೇಕೇ ಬೇಕು. ಅಂದರೆ ಅಕ್ಷರವನ್ನೇ ದೊಡ್ಡದು ಮಾಡಬೇಕು. 30 ಮೀಟರ್ ಎತ್ತರದ ಒಂದು 'ಕ' ಬರೆಯಲು, ಗೆರೆಯ ಉದ್ದ ನೂರು ಮೀಟರ್ ಅಂತ ಹಿಡಿದರೂ, ಎರಡೂವರೆ ಮೀಟರಿಗೆ ಒಂದರಂತೆ 40 ಡ್ರೋನ್ ಬೇಕು. ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. 'ರ'ಕ್ಕೂ 'ಠ'ಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕಿ. 'ದ'ಕ್ಕೂ 'ಧ'ಕ್ಕೂ ಇರುವುದು ಕೆಳಗಿನ ಒಂದು ಸಣ್ಣ ಗೀಟು. ಆ ಜಾಗದ ಒಂದೇ ಒಂದು ಡ್ರೋನ್ ಕೆಟ್ಟು ಕೆಳಗಿಳಿದರೆ ಊರಿನ ಹೆಸರೇ ಬದಲಾಗುತ್ತದೆ. ಅಂಥ ಕಡೆ ಚುಕ್ಕಿಗೆ ಎರಡು ಮೂರು ಡ್ರೋನ್ ಹಾಕಿಸಿ. ವಿನ್ಯಾಸ ಮಾಡುವವರಿಗೆ ಕನ್ನಡ ಓದಲು ಬರದಿದ್ದರೆ, ಕಂಪ್ಯೂಟರಿನ ಸಿಮ್ಯುಲೇಷನ್ ನೋಡುವಾಗ ನಿಮ್ಮವರೊಬ್ಬರು ಪಕ್ಕದಲ್ಲಿ ಕೂರಲೇಬೇಕು.

ಹೆಸರು, ಲಾಂಛನ, ಒಂದೆರಡು ಸರಳ ಆಕಾರ ಸಾಕು ಅನ್ನುವ ಸಣ್ಣ ಊರಿನ ಕಾರ್ಯಕ್ರಮಕ್ಕೆ ನೂರಿನ್ನೂರು ಡ್ರೋನಿನಲ್ಲೇ ಚೆನ್ನಾಗಿ ಮಾಡಬಹುದು. ಸಂಖ್ಯೆಗಿಂತ ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ರೀತಿ ಮುಖ್ಯ. ಚಿತ್ರ ಒಡೆದು, ಚದುರಿ, ಮತ್ತೆ ಸೇರುವ ಆ ಹತ್ತು ಹದಿನೈದು ಸೆಕೆಂಡುಗಳಲ್ಲೇ ಕಲೆ ಇರುವುದು. ಹಳೆಯ ಶೋಗಳ ವಿಡಿಯೋ ತರಿಸಿ ನೋಡುವಾಗ ಚಿತ್ರಗಳನ್ನು ಬಿಟ್ಟು ಈ ನಡುವಿನ ಸೆಕೆಂಡುಗಳನ್ನು ನೋಡಿ. ಅಲ್ಲಿ ದೀಪ ಆರಿಸಿ ಸುಮ್ನೆ ಜಾಗ ಬದಲಿಸುವ ತಂಡವೂ ಇದೆ, ಅಲ್ಲೇ ಉಸಿರು ಹಿಡಿಸುವ ತಂಡವೂ ಇದೆ.

ಹಕ್ಕಿಗಳ ಹಾಗೆ ಹಾರುವ ಹಿಂಡು

ಎರಡನೆಯ ಬಗೆಯಲ್ಲಿ ಚಿತ್ರವೇ ಇಲ್ಲ. ಇರುವುದು ನಡವಳಿಕೆ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರು, ಮೂರೇ ನಿಯಮಗಳಿಂದ ಹಕ್ಕಿಗಳ ಹಿಂಡು ಹುಟ್ಟಿಸಬಹುದು ಅಂತ ತೋರಿಸಿದರು. ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ. ಪಕ್ಕದವರು ಹೋಗುವ ದಿಕ್ಕಿಗೇ ಹೋಗು. ಗುಂಪು ಬಿಟ್ಟು ದೂರ ಹೋಗಬೇಡ. ಇಷ್ಟೇ ಸಾಕು, ಪರದೆಯ ಮೇಲಿನ ತ್ರಿಕೋನಗಳು ಹಿಂಡಾಗಿ ತೇಲುತ್ತವೆ.

ಇದನ್ನು ಆಕಾಶಕ್ಕೆ ತಂದವರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡ್ರಿಫ್ಟ್ ಸ್ಟುಡಿಯೋ ಹೆಸರು ದೊಡ್ಡದು. ಲೊನೆಕೆ ಗೋರ್ಡೈನ್ ಮತ್ತು ರಾಲ್ಫ್ ನೌಟಾ ಇಬ್ಬರೂ ಸ್ಟಾರ್ಲಿಂಗ್ ಹಕ್ಕಿಗಳ ಹಾರಾಟವನ್ನು ಆಧಾರವಾಗಿಟ್ಟುಕೊಂಡು 'ಫ್ರಾಂಚೈಸ್ ಫ್ರೀಡಂ' ಅನ್ನುವ ಕೃತಿ ಮಾಡಿದರು. 2017ರ ಡಿಸೆಂಬರ್‌ನಲ್ಲಿ ಮಯಾಮಿ ಕಡಲ ತೀರದಲ್ಲಿ 300 ಡ್ರೋನ್‌ಗಳೊಂದಿಗೆ ಅದು ಹಾರಿತು. ಲೋಗೋ ಇಲ್ಲ, ಅಕ್ಷರ ಇಲ್ಲ. ಒಂದು ಹಿಂಡು ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ. ನಮ್ಮ ಉತ್ತರ ಕರ್ನಾಟಕದ ಜೋಳದ ಹೊಲಗಳ ಮೇಲೆ ಚಳಿಗಾಲದಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ತಿರುಗುವುದನ್ನು ಕಂಡವರಿಗೆ ಇದು ಯಾಕೆ ಮನಸ್ಸು ತಟ್ಟುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಿಂಡಿನ ಹಾಗೆ ಕಾಣುವುದು ಬೇರೆ, ಹಿಂಡಾಗಿ ತೀರ್ಮಾನಿಸುವುದು ಬೇರೆ. ನಿಯಮಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಬಂದ ದಾರಿಗಳನ್ನು ಉಳಿಸಿಟ್ಟು, ಮೊದಲನೆಯ ಬಗೆಯ ಡ್ರೋನ್‌ಗಳಿಗೇ ತುಂಬಿದರೆ ಸುರಕ್ಷಿತವಾದ ಹಿಂಡು ಸಿಗುತ್ತದೆ. ಪ್ರತಿ ಸಲವೂ ಒಂದೇ ಹಾರಾಟ. ನಿಜವಾಗಿ ಗಾಳಿಯಲ್ಲೇ ತೀರ್ಮಾನ ಆಗುವುದು ಇನ್ನೂ ಬಹುಪಾಲು ಸಂಶೋಧನೆಯ ಕೆಲಸ. ಹಂಗೇರಿಯ ತಮಾಶ್ ವಿಚೆಕ್ ಅವರ ತಂಡ 2018ರಲ್ಲಿ 30 ಡ್ರೋನ್‌ಗಳನ್ನು ಬಯಲಿನಲ್ಲಿ ಹಾಗೆ ಹಾರಿಸಿ ತೋರಿಸಿತು. ಮೇಲಿಂದ ಹೇಳಿಕೊಡುವ ಕಂಪ್ಯೂಟರ್ ಇರಲಿಲ್ಲ. ತಾನೆಲ್ಲಿದ್ದೇನೆ ಅಂತ ಪ್ರತಿ ಡ್ರೋನೂ ಅಕ್ಕಪಕ್ಕದವಕ್ಕೆ ಹೇಳುತ್ತಿತ್ತು, ಅವುಗಳ ಮಾತು ಕೇಳಿ ತನ್ನ ದಾರಿ ತಿದ್ದಿಕೊಳ್ಳುತ್ತಿತ್ತು.

ಕಲಾವಿದರಿಗೆ ನನ್ನ ಸಲಹೆ: ಉಳಿಸಿಟ್ಟ ದಾರಿಯನ್ನೇ ಆರಿಸಿ. ನೋಡುವವರಿಗೆ ಸಿಗುವ ಅನುಭವ ಕಡಿಮೆಯಾಗುವುದಿಲ್ಲ, ಜನರ ತಲೆಯ ಮೇಲಿನ ಅಪಾಯ ಮಾತ್ರ ಕಡಿಮೆಯಾಗುತ್ತದೆ. ಈ ಬಗೆಯ ಇನ್ನೊಂದು ಲಾಭ, ಇದಕ್ಕೆ ಮುಂದೆ ಹಿಂದೆ ಇಲ್ಲ. ಕೆರೆಯ ಸುತ್ತ ಎಲ್ಲಿ ನಿಂತರೂ ಹಿಂಡು ಹಿಂಡೇ. ಒಂದೆರಡು ಡ್ರೋನ್ ಕೆಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪ್ರಾಯೋಜಕರಿಗೆ ತಮ್ಮ ಹೆಸರು ಆಕಾಶದಲ್ಲಿ ಬೇಕಿದ್ದರೆ ಇದನ್ನು ಒಪ್ಪಿಸುವುದು ಕಷ್ಟ.

ಕೈ ಚಾಚಿದರೆ ಹತ್ತಿರ ಬರುವ ಡ್ರೋನ್

ನನಗೆ ಅತಿ ಇಷ್ಟದ ಬಗೆ ಇದು. ಇಲ್ಲಿ ಡ್ರೋನ್ ಆಕಾಶದ ಚುಕ್ಕಿಯಾಗಿ ಉಳಿಯುವುದಿಲ್ಲ, ಜೊತೆಗೆ ಆಡುವ ಪಾತ್ರವಾಗುತ್ತದೆ. ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್‌ನಲ್ಲಿ ರಫಾಯೆಲೊ ಡಿ'ಆಂಡ್ರೆಯಾ ಅವರ ಪ್ರಯೋಗಾಲಯದಿಂದ ಹೊರಟ ಕೆಲಸ, ಮುಂದೆ ವೆರಿಟಿ ಅನ್ನುವ ಕಂಪನಿಯಾಗಿ, 2016ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರ ಸೇರಿತು. ಸರ್ಕ್ ಡು ಸೊಲೇಯ್ ಎಂಬ ಸರ್ಕಸ್ ತಂಡದ 'ಪ್ಯಾರಮೂರ್' ಪ್ರದರ್ಶನದಲ್ಲಿ ಎಂಟು ಡ್ರೋನ್‌ಗಳು ದೀಪದ ಬುಟ್ಟಿ ತೊಟ್ಟು ಕಲಾವಿದರ ಸುತ್ತ ತೇಲುತ್ತಿದ್ದವು. ಬರೀ ಎಂಟು! ಸಾವಿರ ಡ್ರೋನ್ ಮಾಡಲಾಗದ ಆಪ್ತತೆ ಅಲ್ಲಿ ಸಾಧ್ಯವಾಯಿತು. ಮರುವರ್ಷ ಮೆಟಾಲಿಕಾ ಬ್ಯಾಂಡ್ ಕೂಡ ತನ್ನ ವೇದಿಕೆಯ ಮೇಲೆ ಅದೇ ಕಂಪನಿಯ ಪುಟಾಣಿ ಡ್ರೋನ್‌ಗಳನ್ನು ಹಾರಿಸಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು. 2015ರಲ್ಲಿ ರೂಲ್ ಫರ್ಟೆಗಾಲ್ ಅವರ ತಂಡ 'ಬಿಟ್‌ಡ್ರೋನ್ಸ್' ಮಾಡಿತು. ಗಾಳಿಯಲ್ಲಿ ನಿಂತ ಡ್ರೋನನ್ನು ಕೈಯಿಂದ ಮುಟ್ಟಿ, ಎಳೆದು, ಬೇರೆ ಜಾಗದಲ್ಲಿ ಇಡಬಹುದು. 2018ರ 'ಗ್ರಿಡ್‌ಡ್ರೋನ್ಸ್'ನಲ್ಲಿ 15 ಡ್ರೋನ್‌ಗಳನ್ನು ಮೂರು ಆಯಾಮದ ಮಣೆಯ ಹಾಗೆ ಜೋಡಿಸಿ, ಒಂದನ್ನು ಎತ್ತಿದರೆ ಜೊತೆಯವೂ ಏಳುವಂತೆ ಮಾಡಿದರು.

ನಮ್ಮಲ್ಲಿ ಕಾಲೇಜಿನ ತಂಡವೋ ಸಣ್ಣ ಕಲಾ ಗುಂಪೋ ಇದನ್ನು ಶುರು ಮಾಡುವುದಾದರೆ ಸ್ವೀಡನ್ನಿನ ಬಿಟ್‌ಕ್ರೇಜ್ ಕಂಪನಿಯ 'ಕ್ರೇಜಿಫ್ಲೈ' ನೋಡಬೇಕು. 2.1 ಆವೃತ್ತಿಯ ತೂಕ 27 ಗ್ರಾಂ, ಅಂಗೈ ಮೇಲೆ ಕೂರುತ್ತದೆ. ಅದರ ಸಾಫ್ಟ್‌ವೇರ್ ಓಪನ್ ಸೋರ್ಸ್. 2017ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಂಥವನ್ನೇ 49 ಒಟ್ಟಿಗೆ ಹಾರಿಸಿದ್ದಾರೆ. ಒಳಾಂಗಣದಲ್ಲಿ ಜಿಪಿಎಸ್ ಸಿಗುವುದಿಲ್ಲವಲ್ಲ, ಹಾಗಾಗಿ ಡ್ರೋನಿಗೆ ತಾನೆಲ್ಲಿದ್ದೇನೆ ಅಂತ ತಿಳಿಸಲು ಬೇರೆ ವ್ಯವಸ್ಥೆ ಬೇಕು. ಆಯ್ಕೆಗಳು ಇಲ್ಲಿವೆ. ಕೆಳಮುಖ ಕ್ಯಾಮೆರಾ ಹಚ್ಚುವುದು ಅತಿ ಅಗ್ಗ, ಆದರೆ ನಿಮಿಷ ಕಳೆದ ಹಾಗೆ ಡ್ರೋನ್ ಮೆಲ್ಲಗೆ ಜಾರಿ ಬೇರೆಡೆ ಹೋಗಿರುತ್ತದೆ. ವರ್ಚುವಲ್ ರಿಯಾಲಿಟಿ ಆಟಕ್ಕೆ ಬಳಸುವ ಲೈಟ್‌ಹೌಸ್ ಬೇಸ್ ಸ್ಟೇಷನ್‌ಗಳನ್ನು ಮೂಲೆಗಳಲ್ಲಿ ಇಡುವುದು ಮಧ್ಯಮ ದಾರಿ, ಒಂದು ಕೋಣೆಗೆ ಚೆನ್ನಾಗಿ ಸಾಕು. ಗೋಡೆಯ ಸುತ್ತ, ಚಲನೆಯನ್ನು ಅಳೆಯುವ ಮೋಷನ್ ಕ್ಯಾಪ್ಚರ್ ಕ್ಯಾಮೆರಾಗಳನ್ನು ಹಾಕುವುದು ಬಲು ನಿಖರ, ಬಲು ದುಬಾರಿ. ಮೊದಲ ಸಲಕ್ಕೆ ಲೈಟ್‌ಹೌಸ್ ಸಾಕು ಅನ್ನುತ್ತೇನೆ.

ಹತ್ತಿರದಿಂದ ನೋಡಿದಾಗಲೇ ತಿಳಿಯುವ ಕೆಲವು ಸಂಗತಿಗಳಿವೆ. ಡ್ರೋನ್ ಕೆಳಕ್ಕೆ ಗಾಳಿ ತಳ್ಳುತ್ತದೆ. ಒಂದರ ಕೆಳಗೆ ಇನ್ನೊಂದು ಬಂದರೆ ಕೆಳಗಿನದು ತತ್ತರಿಸುತ್ತದೆ. ಹಾಗಾಗಿ ಅಕ್ಕಪಕ್ಕ ಬಿಡುವುದಕ್ಕಿಂತ ಜಾಸ್ತಿ ಅಂತರ ಮೇಲೆ ಕೆಳಗೆ ಬಿಡಬೇಕು. ಅದೇ ಗಾಳಿ ವೇದಿಕೆಯ ದೀಪವನ್ನು ಆರಿಸುತ್ತದೆ, ಹೂವಿನ ಎಸಳು ಹಾರಿಸುತ್ತದೆ, ಸೆರಗನ್ನು ಎತ್ತುತ್ತದೆ. ಭರತನಾಟ್ಯದ ಉಡುಪು ಬಿಗಿಯಾಗಿ ಕಟ್ಟಿರುವುದರಿಂದ ಪರವಾಗಿಲ್ಲ, ಆದರೆ ಇಳಿಬಿಟ್ಟ ದುಪಟ್ಟಾ ಅಥವಾ ಬಿಚ್ಚಿದ ಕೂದಲಿನ ಹತ್ತಿರ ಪ್ರೊಪೆಲ್ಲರ್ ಬರಲೇಬಾರದು. ಜಾಲರಿಯ ಕವಚ ಇರುವ ಡ್ರೋನನ್ನೇ ಬಳಸಿ.

ಸದ್ದಿನ ವಿಷಯವನ್ನಂತೂ ಬಹಳ ಜನ ಮರೆಯುತ್ತಾರೆ. ಬಯಲಿನಲ್ಲಿ ನೂರು ಮೀಟರ್ ಮೇಲಿನ ಗುಂಯ್‌ಗುಡುವಿಕೆ ಸ್ಪೀಕರಿನ ಸಂಗೀತದಲ್ಲಿ ಮುಳುಗುತ್ತದೆ. ಕೋಣೆಯೊಳಗೆ ಹತ್ತು ಪುಟ್ಟ ಡ್ರೋನ್ ಸಾಕು, ಕಿವಿ ತುಂಬ ಕೀರಲು ಸದ್ದು. ಯಕ್ಷಗಾನದ ಚೆಂಡೆ ಇದ್ದರೆ ಅದನ್ನು ಮುಚ್ಚಿಹಾಕಬಹುದು, ವೀಣೆ ಇದ್ದರೆ ವೀಣೆಯೇ ಮುಚ್ಚಿಹೋಗುತ್ತದೆ. ಸಂಗೀತ ಯಾವುದು ಅಂತ ನಿರ್ಧಾರ ಆಗುವ ಮೊದಲು ಒಂದು ಡ್ರೋನನ್ನು ಅದೇ ಸಭಾಂಗಣದಲ್ಲಿ ಹಾರಿಸಿ ಕೇಳಿ. ಇನ್ನು ಸಮಯ. 27 ಗ್ರಾಂ ಡ್ರೋನ್ ಹಾರುವುದು ಹೆಚ್ಚೆಂದರೆ ಏಳು ನಿಮಿಷ. ನರ್ತಕಿಯ ಒಂದು ವರ್ಣ ಅರ್ಧ ಗಂಟೆ. ಡ್ರೋನ್‌ಗಳಿಗೂ ಪಾತ್ರಗಳ ಹಾಗೆ ಪ್ರವೇಶ, ನಿರ್ಗಮನ ಬರೆಯಬೇಕು.

ದೊಡ್ಡ ಗುಂಪು ಪಾಲ್ಗೊಳ್ಳಬೇಕು ಅನ್ನುವವರಿಗೆ

ಸಾವಿರಾರು ಜನರ ಮುಂದೆ ಹೊರಾಂಗಣ ಶೋ ಮಾಡುತ್ತಾ, ಜನರ ಕೈಗೂ ಏನಾದರೂ ಕೊಡಬೇಕು ಅಂದರೆ ಒಂದು ನಡುದಾರಿ ಇದೆ. ಡ್ರೋನ್‌ಗಳ ದಾರಿ ಮೊದಲೇ ಬರೆದದ್ದು, ಬಣ್ಣ ಮಾತ್ರ ಆ ಕ್ಷಣದ್ದು. ಜನರ ಚಪ್ಪಾಳೆಗೆ, ಡೊಳ್ಳಿನ ಪೆಟ್ಟಿಗೆ, ಮೊಬೈಲಿನಲ್ಲಿ ಬಂದ ಮತಕ್ಕೆ ಎಲ್‌ಇಡಿ ಬಣ್ಣ ಬದಲಾಗುತ್ತದೆ. ಬಣ್ಣ ಬದಲಾದರೆ ಯಾವ ಡ್ರೋನೂ ಡಿಕ್ಕಿ ಹೊಡೆಯುವುದಿಲ್ಲ. ಅಥವಾ ಎರಡು ಮೂರು ಕವಲುಗಳನ್ನು ಮೊದಲೇ ಪರೀಕ್ಷಿಸಿ ಇಟ್ಟುಕೊಂಡು, ಜನ ಆರಿಸಿದ ಕವಲಿಗೆ ಹೋಗುವುದು. ಇವೆರಡನ್ನೂ ಕಂಪನಿಯವರ ಹತ್ತಿರ ನೇರವಾಗಿ ಕೇಳಿ. ಜನರ ಸನ್ನೆಗೆ ತಕ್ಕಂತೆ ನೂರಾರು ಡ್ರೋನ್‌ಗಳು ಜಾಗವನ್ನೇ ಬದಲಿಸುತ್ತವೆ ಅಂತ ಯಾರಾದರೂ ಮಾತು ಕೊಟ್ಟರೆ, ಹಿಂದೆ ಎಲ್ಲಿ ಮಾಡಿದ್ದೀರಿ ಅಂತ ವಿಡಿಯೋ ಸಮೇತ ಕೇಳಬೇಕು.

ಸ್ವಂತ ಹಿಂಡು ಕಟ್ಟುವ ಉತ್ಸಾಹ ಇರುವ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಹಂಗೇರಿಯ 'ಸ್ಕೈಬ್ರಶ್' ಅನ್ನುವ ಡ್ರೋನ್ ಶೋ ಸಾಫ್ಟ್‌ವೇರ್ ಒಳ್ಳೆಯ ಬಾಗಿಲು. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಕೊರಿಯೋಗ್ರಫಿ ಮಾಡಿ, ಸುರಕ್ಷತೆ ಪರೀಕ್ಷಿಸಿ, ಆರ್ಡುಪೈಲಟ್ ಎಂಬ ಓಪನ್ ಸೋರ್ಸ್ ಹಾರಾಟದ ಸಾಫ್ಟ್‌ವೇರ್ ಇರುವ ಡ್ರೋನ್‌ಗಳಿಗೆ ಕಳಿಸಬಹುದು. ಡ್ರೋನ್ ಕೊಳ್ಳುವ ಮೊದಲೇ ಪರದೆಯ ಮೇಲೆ ಪೂರ್ತಿ ಶೋ ಮಾಡಿ ನೋಡಲು ಸಾಧ್ಯ. ಬಿಡಿಭಾಗ ತರಿಸಿ ಜೋಡಿಸುವುದಕ್ಕೆ ಅಡ್ಡಿ ಇಲ್ಲ. ಸಿದ್ಧ ಡ್ರೋನನ್ನು ವಿದೇಶದಿಂದ ತರಿಸುವುದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದೆ. ಸಂಶೋಧನೆಗೆ ವಿನಾಯಿತಿ ಉಂಟು, ಅದಕ್ಕೂ ಅನುಮತಿ ಪತ್ರ ಬೇಕು. ಕ್ರೇಜಿಫ್ಲೈ ತರಿಸುವ ಕಾಲೇಜುಗಳು ಈ ಕಾಗದಪತ್ರಕ್ಕೆ ಮೊದಲೇ ಸಮಯ ಇಟ್ಟುಕೊಳ್ಳಿ.

ಜಾಗ, ಗಾಳಿ, ಅನುಮತಿ

ಹೊರಾಂಗಣ ಆರಿಸಿದರೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರೋ, ಹಳದಿಯೋ, ಕೆಂಪೋ ನೋಡಿ. ಹಸಿರಿನಲ್ಲಿ 400 ಅಡಿಯವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 5ರಿಂದ 8 ಕಿಲೋಮೀಟರ್ ನಡುವೆ ಬಂದರೆ ನೆಲದಿಂದಲೇ ಹಳದಿ, ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ಎಚ್‌ಎಎಲ್, ಜಕ್ಕೂರು, ಯಲಹಂಕ ಮೂರೂ ಇರುವ ಬೆಂಗಳೂರಿನಲ್ಲಿ ಜಾಗ ಹುಡುಕುವುದೇ ಅರ್ಧ ಕೆಲಸ. ಹಾವೇರಿಯಲ್ಲೋ ಚಿತ್ರದುರ್ಗದಲ್ಲೋ ಇದು ಸುಲಭ. ಪೊಲೀಸರ, ಜಿಲ್ಲಾಡಳಿತದ ಒಪ್ಪಿಗೆ ಎಲ್ಲಿದ್ದರೂ ತಪ್ಪದು.

ಅಪಘಾತಗಳ ಬಗ್ಗೆ ಮುಚ್ಚುಮರೆ ಬೇಡ. 2018ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಜಿಪಿಎಸ್ ಸಿಗ್ನಲ್‌ಗೆ ಅಡ್ಡಿಯಾಗಿ 46 ಡ್ರೋನ್‌ಗಳು ಬಂದರಿನ ನೀರಿಗೆ ಬಿದ್ದವು. 2023ರಲ್ಲಿ ಮೆಲ್ಬರ್ನ್‌ನಲ್ಲಿ 500 ಡ್ರೋನ್‌ಗಳ ಶೋ ಶುರುವಾದಾಗ ಮೇಲಿನ ಗಾಳಿ ಯಂತ್ರಗಳ ಮಿತಿ ದಾಟಿತ್ತು, ಬಹುಪಾಲು ನೀರು ಪಾಲಾದವು. ಅವೆರಡೂ ನೀರಿನ ಮೇಲೆ ನಡೆದದ್ದರಿಂದ ಜನ ಬಚಾವಾದರು. 2024ರ ಡಿಸೆಂಬರ್‌ನಲ್ಲಿ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ಹಾಗಾಗಲಿಲ್ಲ. ಹಾರಾಟದ ಜೋಡಣೆ ತಪ್ಪಿ, ಡ್ರೋನ್‌ಗಳು ಒಂದಕ್ಕೊಂದು ಬಡಿದು, ನೋಡುತ್ತಿದ್ದ ಪುಟ್ಟ ಬಾಲಕನೊಬ್ಬನಿಗೆ ತೀವ್ರ ಗಾಯವಾಯಿತು. ಇದನ್ನು ಓದಿದ ಮೇಲೆ ಜನರ ನೆತ್ತಿಯ ಮೇಲೆ ಹಾರಿಸುವ ಯಾವ ಯೋಜನೆಗೂ ಒಪ್ಪಬಾರದು ಅನ್ನುವುದು ನನ್ನ ಗಟ್ಟಿ ನಿಲುವು. ಕೆರೆ, ಖಾಲಿ ಗದ್ದೆ, ಬೇಲಿ ಹಾಕಿದ ಮೈದಾನ, ಇವುಗಳ ಮೇಲೆ ಹಾರಲಿ. ಜನ ದೂರದಿಂದ ನೋಡಲಿ.

ನಮ್ಮ ಹಬ್ಬಗಳ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಣೇಶ ಹಬ್ಬ ಮಳೆಗಾಲದ ನಡುವೆ ಬರುತ್ತದೆ. ದಸರಾ, ರಾಜ್ಯೋತ್ಸವದ ಹೊತ್ತಿಗೆ ಹಿಂಗಾರು. ಆ ತಿಂಗಳುಗಳಲ್ಲಿ ಹೊರಾಂಗಣ ಶೋಗೆ ಒಂದು ಬದಲಿ ದಿನ ಇಲ್ಲದಿದ್ದರೆ ಹಣ ಕಟ್ಟಬೇಡಿ. ಪ್ಯೋಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಜಗತ್ತು ಟಿವಿಯಲ್ಲಿ ಕಂಡ 1218 ಡ್ರೋನ್‌ಗಳ ಹಾರಾಟ ಕೂಡ ಮೊದಲೇ ವಿಡಿಯೋ ಮಾಡಿಟ್ಟುಕೊಂಡದ್ದು, ಆ ಕ್ಷಣದ ನೇರ ಹಾರಾಟ ಅಲ್ಲ. ಬದಲಿ ದಿನವೂ ಸಾಧ್ಯವಿಲ್ಲ ಅನ್ನುವವರು ಗೋಡೆಯ ಮೇಲಿನ ಪ್ರೊಜೆಕ್ಷನ್ ಮ್ಯಾಪಿಂಗ್ ಕಡೆ ನೋಡುವುದು ಒಳ್ಳೆಯದು. ಅದಕ್ಕೆ ಗಾಳಿಯ ಹಂಗಿಲ್ಲ.

ಹಾಗಾದರೆ ಯಾರಿಗೆ ಯಾವುದು? ಜಿಲ್ಲಾ ಉತ್ಸವ, ದೊಡ್ಡ ಜಾತ್ರೆ, ದೊಡ್ಡ ಬಯಲು, ನಾಡಿನ ಕಥೆ, ಇವಿದ್ದರೆ ಮೊದಲನೆಯದು. ಕೆರೆ ಹಬ್ಬ, ಕಲಾ ಉತ್ಸವ, ಪ್ರಾಯೋಜಕರ ಹಟ ಇಲ್ಲದ ಕಾರ್ಯಕ್ರಮಕ್ಕೆ ಎರಡನೆಯದು, ಉಳಿಸಿಟ್ಟ ದಾರಿಯೊಂದಿಗೆ. ರಂಗತಂಡ, ನೃತ್ಯ ಶಾಲೆ, ವಿನ್ಯಾಸ ಕಾಲೇಜಿಗೆ ಕಣ್ಣು ಮುಚ್ಚಿ ಮೂರನೆಯದು. ಎರಡೇ ಡ್ರೋನಿನಿಂದ ಶುರು ಮಾಡಿ. ಎರಡು ಡ್ರೋನ್ ಮತ್ತು ಒಬ್ಬ ನರ್ತಕಿಯ ನಡುವೆ ಏನೂ ಹುಟ್ಟದಿದ್ದರೆ ಇಪ್ಪತ್ತು ತಂದರೂ ಹುಟ್ಟುವುದಿಲ್ಲ.

ಹೊರಾಂಗಣ ಶೋಗೆ ಒಪ್ಪಂದ ಬರೆಯುವಾಗ ಒಂದು ಸಾಲು ತಪ್ಪದೆ ಸೇರಿಸಿ: ಹಾರಿಸುವುದೋ ನಿಲ್ಲಿಸುವುದೋ ಅನ್ನುವ ಕೊನೆಯ ಮಾತು ಪೈಲಟ್‌ನದು, ಆಯೋಜಕರದ್ದಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಅತಿಥಿಗಳು ಬರುವುದು ತಡವಾಗುತ್ತದೆ. ಅಷ್ಟು ಹೊತ್ತೂ ನೂರಾರು ಡ್ರೋನ್‌ಗಳು ಮೈದಾನದಲ್ಲಿ ಸಾಲಾಗಿ, ಆನ್ ಆಗಿ ಕಾಯುತ್ತಿರುತ್ತವೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ತಡವಾದರೆ ಬ್ಯಾಟರಿ ಬದಲಿಸಲು ಎಷ್ಟು ಹೊತ್ತು ಬೇಕು, ಬದಲಿ ಬ್ಯಾಟರಿ ಎಷ್ಟಿವೆ ಅಂತ ಮೊದಲೇ ಕೇಳಿ, ಉತ್ತರವನ್ನು ಅದೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.